ಮನೆ ಒಡೆದರೂ ಮೇಳ ಒಡೆಯಲಿಲ್ಲ

ಒಂದು ಸಂಗೀತ ಮೇಳದಲ್ಲಿ ಗಂಡ ಹೆಂಡತಿ ಜೊತೆಯಾಗಿ ಹಾಡುತ್ತಿದ್ದಾರೆ. ಅವರ ದಾಂಪತ್ಯ ಮುರಿದರೆ ಮೇಳದ ಗತಿ ಏನು? ಅಮೆರಿಕದ ‘ಕಂಟ್ರಿ ಮ್ಯೂಸಿಕ್’ ಎಂಬ ಗ್ರಾಮೀಣ ಸಂಗೀತಕ್ಕೆ ತಳಪಾಯ ಹಾಕಿದವರಲ್ಲಿ ಒಂದಾದ ‘ಕಾರ್ಟರ್ ಫ್ಯಾಮಿಲಿ’ ಮೇಳ ಈ ಪ್ರಶ್ನೆಯನ್ನು ನಿಜವಾಗಿಯೇ ಎದುರಿಸಿತು. ಆ ಮನೆಯ ಮಗಳು ಮುಂದೆ ತನ್ನ ನೆನಪುಗಳನ್ನು ಪುಸ್ತಕವಾಗಿಯೂ ಬರೆದಳು.

ಮೇಳದಲ್ಲಿದ್ದವರು ಮೂವರು: ವರ್ಜೀನಿಯಾ ರಾಜ್ಯದ ಬೆಟ್ಟಸೀಮೆಯ ಎ.ಪಿ. ಕಾರ್ಟರ್, ಅವನ ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. 1927ರ ಆಗಸ್ಟ್‌ನಲ್ಲಿ ಇವರು ಬ್ರಿಸ್ಟಲ್ ಪಟ್ಟಣಕ್ಕೆ ಹೋಗಿ, ವಿಕ್ಟರ್ ಕಂಪನಿಯ ಪರವಾಗಿ ಬಂದಿದ್ದ ರಾಲ್ಫ್ ಪೀರ್ ಎದುರು ಆರು ಹಾಡುಗಳನ್ನು ಹಾಡಿದರು. ಮೇಬೆಲ್‌ಗೆ ಆಗ 18 ವರ್ಷ, ತುಂಬು ಗರ್ಭಿಣಿ.

ಇವರ ಕೆಲಸದ ಹಂಚಿಕೆಯನ್ನು ಗಮನಿಸಿ. ಮುಖ್ಯ ಕಂಠ ಸಾರಾಳದು. ಅನೇಕ ತಂತಿಗಳ ಆಟೋಹಾರ್ಪ್ ಕೂಡ ಅವಳ ಕೈಯಲ್ಲಿ. ಮೇಬೆಲ್ ಹೆಬ್ಬೆರಳಿನಿಂದ ಗಿಟಾರಿನ ದಪ್ಪ ತಂತಿಗಳ ಮೇಲೆ ಧಾಟಿ ನುಡಿಸುತ್ತ, ಉಳಿದ ಬೆರಳುಗಳಿಂದ ತೆಳು ತಂತಿಗಳನ್ನು ಸವರಿ ಲಯ ಹಿಡಿಯುತ್ತಿದ್ದಳು. ಹೀಗಾಗಿ ಒಂದೇ ಗಿಟಾರು ಎರಡು ವಾದ್ಯದಂತೆ ಕೇಳಿಸುತ್ತಿತ್ತು. ಊರೂರು ಅಲೆದು ಹಾಡು ಸಂಗ್ರಹಿಸುವುದು ಎ.ಪಿ.ಯ ಪಾಲು. ಎಷ್ಟೋ ಬಾರಿ ಅವನ ಜೊತೆಗಿದ್ದವನು ಲೆಸ್ಲಿ ರಿಡಲ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕ. ಎ.ಪಿ. ಸಾಹಿತ್ಯ ಬರೆದುಕೊಂಡರೆ ಧಾಟಿಯನ್ನು ನೆನಪಿನಲ್ಲಿಟ್ಟು ತರುತ್ತಿದ್ದವನು ರಿಡಲ್. ಆದರೂ ಮೇಳದ ಲೆಕ್ಕಕ್ಕೆ ಅವನು ಸೇರಲಿಲ್ಲ ಎಂಬುದನ್ನು ಮರೆಯಬಾರದು.

1929ರ ನಂತರದ ಆರ್ಥಿಕ ಕುಸಿತದಲ್ಲಿ ಗ್ರಾಮಫೋನ್ ತಟ್ಟೆಗಳ ಮಾರಾಟ ನೆಲ ಕಚ್ಚಿತು. ಇತ್ತ ಎ.ಪಿ. ವಾರಗಟ್ಟಲೆ ಹಾಡು ಹುಡುಕುತ್ತ ಊರು ಬಿಟ್ಟರೆ, ಮನೆ ಮಕ್ಕಳ ಭಾರವೆಲ್ಲ ಸಾರಾಳ ಮೇಲೆ. 1933ರಲ್ಲಿ ಅವಳು ಮನೆ ಬಿಟ್ಟಳು. ಮಗಳು ಜ್ಯಾನೆಟ್‌ಗೆ ಆಗ ಹತ್ತರ ಆಸುಪಾಸು. ಆದರೆ ಪೀರ್ ದಂಪತಿಗಳು ಮನವೊಲಿಸಿದ್ದರಿಂದ ಸಾರಾ ಧ್ವನಿಮುದ್ರಣಕ್ಕೆ ಮಾತ್ರ ಬರಲು ಒಪ್ಪಿದಳು. ಸಂಸಾರ ಬೇರೆ, ಹಾಡು ಒಟ್ಟಿಗೆ!

1938ರಲ್ಲಿ ಮೇಳಕ್ಕೆ ಮೆಕ್ಸಿಕೋ ಗಡಿಯ ಎಕ್ಸ್ಇಆರ್‌ಎ ರೇಡಿಯೋ ನಿಲ್ದಾಣದಲ್ಲಿ ಕೆಲಸ ಸಿಕ್ಕಿತು. ಅಮೆರಿಕದಲ್ಲಿ ನಿಲ್ದಾಣಗಳಿಗೆ ಸಾಮಾನ್ಯ ಮಿತಿ 50 ಕಿಲೋವ್ಯಾಟ್; ಗಡಿಯಾಚೆಯ ಈ ನಿಲ್ದಾಣದ ಶಕ್ತಿ ಅದರ ಹಲವು ಪಟ್ಟು. ಹಗಲಿನಲ್ಲಿ ಮೀಡಿಯಂ ವೇವ್ ಅಲೆಗಳನ್ನು ಅಯಾನುಗೋಳದ ಕೆಳಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕ್ಷೀಣಿಸಿ, ಅಲೆಗಳು ಮೇಲಿನ ಪದರಗಳಿಂದ ಬಾಗಿ ನೂರಾರು ಮೈಲಿ ಆಚೆ ನೆಲಕ್ಕೆ ಮರಳುತ್ತವೆ. ರಾತ್ರಿ ಹೊತ್ತು ನಮ್ಮ ರೇಡಿಯೋದಲ್ಲೂ ದೂರದ ನಿಲ್ದಾಣಗಳು ಕೇಳಿಸುವುದು ಇದೇ ಕಾರಣಕ್ಕೆ.

ಅದೇ ಅಲೆಗಳ ಮೇಲೆ ಸಾರಾ ಒಂದು ಹಾಡನ್ನು ಕ್ಯಾಲಿಫೋರ್ನಿಯಾದಲ್ಲಿದ್ದ ಕಾಯ್ ಬೇಯಸ್ ಎಂಬುವನಿಗೆ ಅರ್ಪಿಸಿದಳೆಂದೂ, ಅದನ್ನು ಕೇಳಿ ಅವನು ಹುಡುಕಿಕೊಂಡು ಬಂದನೆಂದೂ ಹೇಳುತ್ತಾರೆ. ಕಾಯ್ ಬೇರೆ ಯಾರೂ ಅಲ್ಲ, ಎ.ಪಿ.ಯ ಸೋದರಸಂಬಂಧಿ. 1939ರಲ್ಲಿ ಸಾರಾ ಅವನನ್ನು ಮದುವೆಯಾದಳು. ಎ.ಪಿ. ಮರುಮದುವೆಯಾಗಲಿಲ್ಲ. ಅಷ್ಟಾದರೂ 1943ರವರೆಗೆ ಮೂವರೂ ಒಟ್ಟಿಗೆ ಹಾಡಿದರು.

ಹೇಗೆ ಸಾಧ್ಯವಾಯಿತು? ಹೊಟ್ಟೆಪಾಡು ಒಂದು ಕಾರಣ, ಅದನ್ನು ಮುಚ್ಚಿಡಬೇಕಾಗಿಲ್ಲ. ಇನ್ನೊಂದು, ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡುವಂತಿರಲಿಲ್ಲ. ಸ್ಟುಡಿಯೋದಲ್ಲಿ ದುಡಿಯುವ ನಮಗೆ ಇದು ಚೆನ್ನಾಗಿ ಗೊತ್ತು: ಮಾತು ಬಿಟ್ಟ ಇಬ್ಬರು ಕಲಾವಿದರು ಕೂಡ ಕೆಂಪು ದೀಪ ಹತ್ತಿದೊಡನೆ ಒಂದೇ ಶ್ರುತಿಗೆ ಬರುವುದನ್ನು ಕಂಡಿದ್ದೇವೆ. ಆದರೆ ದೀಪ ಆರಿದ ಮೇಲಿನ ನೋವು ಧ್ವನಿಮುದ್ರಣದಲ್ಲಿ ಉಳಿಯುವುದಿಲ್ಲ.

ಅದಕ್ಕೇ ಜ್ಯಾನೆಟ್ 1983ರಲ್ಲಿ ಪ್ರಕಟಿಸಿದ ‘ಲಿವಿಂಗ್ ವಿತ್ ಮೆಮೊರೀಸ್’ ಮುಖ್ಯವಾಗುತ್ತದೆ. ಅದು ಆ ಮನೆಯೊಳಗೇ ಬೆಳೆದವಳ ನೆನಪು. ಗಡಿಯ ರೇಡಿಯೋದಲ್ಲಿ ಅವಳೂ ಹಾಡಿದ್ದಳು. 1960ರಲ್ಲಿ ತೀರಿಕೊಂಡ ತಂದೆಗೆ, ಅವನ ಸಂಗೀತವನ್ನು ಮುಂದುವರಿಸುವೆನೆಂದು ಮಾತು ಕೊಟ್ಟಿದ್ದಳು. ಅದರಂತೆ 1974ರಲ್ಲಿ ಅವನ ಹಳೆಯ ಅಂಗಡಿಯಲ್ಲೇ ಸಂಗೀತ ಕಾರ್ಯಕ್ರಮ ಆರಂಭಿಸಿ, 2006ರಲ್ಲಿ ತಾನು ಸಾಯುವವರೆಗೂ ಅದನ್ನು ಬಿಡಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಮೇಳದ ಹಾಡು ಸಿಕ್ಕಿದರೆ ಕೇಳಿ. ಸಾರಾಳ ಕಂಠದ ಕೆಳಗೆ ಮೇಬೆಲ್‌ಳ ಹೆಬ್ಬೆರಳು ನುಡಿಸುವ ಧಾಟಿಯನ್ನು ಗುರುತಿಸಲು ಯತ್ನಿಸಿ. ನಡುನಡುವೆ ಮೆಲ್ಲನೆ ಸೇರಿಕೊಳ್ಳುವ ಗಂಡುದನಿ ಎ.ಪಿ.ಯದು.