ನಿಮಗಿದು ಗೊತ್ತೆ? ‘ಫೇರಿ ಡ್ಯಾನ್ಸ್’ ಕರ್ತೃವಿಲ್ಲದ ಧಾಟಿಯಲ್ಲ

ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಜನಪದ ಸಂಗೀತವೆಂದೇ ಹಲವರು ನುಡಿಸುವ ‘ಫೇರಿ ಡ್ಯಾನ್ಸ್’ ಎಂಬ ಪಿಟೀಲು ಧಾಟಿಯು ವಾಸ್ತವದಲ್ಲಿ ವೃತ್ತಿನಿರತ ಸಂಗೀತಗಾರನೊಬ್ಬನ ಕೃತಿಯಾಗಿದ್ದು, ಸ್ಕಾಟ್ಲೆಂಡಿನ ನೇಥನಿಯಲ್ ಗೌ (1763–1831) ಅದನ್ನು ಫೈಫ್ ಪ್ರಾಂತ್ಯದ ಬೇಟೆಪ್ರಿಯ ಶ್ರೀಮಂತರ ಕೂಟವಾದ ‘ಫೈಫ್ ಹಂಟ್’ 1802ರಲ್ಲಿ ಏರ್ಪಡಿಸಿದ ನೃತ್ಯಕೂಟಕ್ಕಾಗಿ ರಚಿಸಿದನು.

ಈ ಧಾಟಿಯು ‘ರೀಲ್’ ಎಂಬ ಪ್ರಕಾರಕ್ಕೆ ಸೇರುತ್ತದೆ. ರೀಲ್ ಎಂದರೆ ನರ್ತಕರು ಒಬ್ಬರನ್ನೊಬ್ಬರು ಬಳಸಿ ಸುತ್ತುತ್ತ ಹೆಜ್ಜೆ ಹಾಕುವ ಕುಣಿತ ಮತ್ತು ಅದಕ್ಕೆ ಒದಗುವ ಸಮಗತಿಯ ವೇಗದ ಸಂಗೀತ. ಅದರಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿದ್ದು, ಕುಣಿತ ಮುಗಿಯುವವರೆಗೂ ಅವು ಒಂದರ ಬೆನ್ನಿಗೆ ಒಂದು ಆವರ್ತಿಸುತ್ತವೆ.

ಅಥೋಲ್‌ನ ಡ್ಯೂಕರ ಆಶ್ರಯದಲ್ಲಿದ್ದ ಪ್ರಸಿದ್ಧ ಪಿಟೀಲುವಾದಕ ನೀಲ್ ಗೌ (1727–1807) ಅವನ ಮಗನಾದ ನೇಥನಿಯಲ್, ಎಡಿನ್‌ಬರೋ ನಗರದಲ್ಲಿ ನೃತ್ಯವಾದ್ಯವೃಂದವನ್ನು ಮುನ್ನಡೆಸಿದ್ದಲ್ಲದೆ ಸಂಗೀತ ಪುಸ್ತಕಗಳ ಪ್ರಕಾಶಕನೂ ಆಗಿದ್ದುದರಿಂದ, ಇಂತಹ ಧಾಟಿಗಳು ಅಚ್ಚಿನ ಮೂಲಕ ದೂರದೂರದ ವಾದಕರಿಗೆ ತಲುಪುವುದು ಸಾಧ್ಯವಾಯಿತು. ಆದರೆ ಹಳ್ಳಿಯ ವಾದಕರು ಸ್ವರಲಿಪಿಯನ್ನು, ಅಂದರೆ ಸಂಗೀತದ ಬರಹರೂಪವನ್ನು, ಅವಲಂಬಿಸದೆ ಕಿವಿಯಿಂದ ಕೇಳಿ ಕಲಿಯುವಾಗ ಧಾಟಿ ಉಳಿದು ಕರ್ತೃವಿನ ಹೆಸರು ಜಾರಿಹೋಗುವುದು ಸಹಜವಾಗಿತ್ತು.

ವಲಸಿಗರೊಂದಿಗೆ ಅಮೆರಿಕಕ್ಕೆ ಸಾಗಿದ ಈ ರೀಲ್, ಅದರ ದಕ್ಷಿಣ ಭಾಗದ ಗ್ರಾಮೀಣ ಕುಣಿತಗಳಲ್ಲಿ ‘ಓಲ್ಡ್ ಮಾಲಿ ಹೇರ್’ ಎಂಬ ಬೇರೆಯೇ ಹೆಸರನ್ನೂ ಹೊಸ ಹಾಡಿನ ಸಾಲುಗಳನ್ನೂ ಪಡೆಯಿತು. ಶ್ರೀಮಂತರ ಸಭಾಂಗಣಕ್ಕೆಂದು ಹುಟ್ಟಿದ ಸಂಗೀತವು ಹೀಗೆ ಸಾಮಾನ್ಯ ಜನರ ಸ್ವತ್ತಾದದ್ದು, ಜನಪದವೆಂಬುದು ಪರಿಚಿತ ಕರ್ತೃವಿನ ಕೃತಿಯಿಂದಲೂ ರೂಪುಗೊಳ್ಳಬಲ್ಲದು ಎಂಬುದಕ್ಕೆ ಅಮೂಲ್ಯವಾದ ನಿದರ್ಶನವಾಗಿದೆ.