ಕಾರಿನ ಸಂಗೀತವೂ ಅದರ ವಿದ್ಯುತ್ತೂ

ತಬಲೆಯ ಪ್ರತಿಯೊಂದು ಪೆಟ್ಟಿಗೂ ಕಾರಿನ ದೀಪಗಳು ಮಂಕಾಗಿ ಮತ್ತೆ ಬೆಳಗುವುದನ್ನು ಮುಂಬಯಿಯ ರಸ್ತೆಗಳಲ್ಲಿ ವಾಚಕರು ರಾತ್ರಿಯ ವೇಳೆ ನೋಡಿರಬಹುದು. ಅದು ಅಲಂಕಾರವಲ್ಲ, ಒಳಗಿರುವ ಭಾರಿ ಆಂಪ್ಲಿಫಯರಿಗೆ ಸಾಕಷ್ಟು ವಿದ್ಯುತ್ತು ದೊರೆಯುತ್ತಿಲ್ಲವೆಂಬುದರ ಸೂಚನೆ. ಇಂಥ ಯಂತ್ರವನ್ನು ಕೂಡಿಸುವ ಮೊದಲು ಕಾರಿನ ವಿದ್ಯುತ್ ವ್ಯವಸ್ಥೆಯನ್ನು ಹೇಗೆ ಅಣಿಗೊಳಿಸಬೇಕೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳಿವೆ. ಒಂದೊಂದರ ಒತ್ತಡ ಸುಮಾರು 2.1 ವೋಲ್ಟಿನಂತೆ ಒಟ್ಟು 12.6 ವೋಲ್ಟು. ಎಂಜಿನು ನಡೆಯುವಾಗ ಆಲ್ಟರ್ನೇಟರು ಸುಮಾರು 14 ವೋಲ್ಟಿನಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಯನ್ನೂ ತುಂಬುತ್ತದೆ. ಆಲ್ಟರ್ನೇಟರು ಸಂಪಾದನೆಯಾದರೆ ಬ್ಯಾಟರಿ ಕಣಜ. ಸಂಪಾದನೆಗೆ ಮೀರಿದ ಖರ್ಚು ನಡೆದರೆ ಕಣಜ ಎಷ್ಟು ದೊಡ್ಡದಾದರೇನು, ಬರಿದಾಗದೆ ಇರದು.

ಈ ಖರ್ಚನ್ನು ಲೆಕ್ಕ ಹಾಕೋಣ. 1000 ವ್ಯಾಟಿನ ಆಂಪ್ಲಿಫಯರು ತಾನು ಸೆಳೆದುದರಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಧ್ವನಿವರ್ಧಕಗಳಿಗೆ ಕೊಡುವುದೆಂದು ಹಿಡಿದರೆ 1250 ವ್ಯಾಟು ಬೇಕಾಯಿತು. ಇದನ್ನು 14ರಿಂದ ಭಾಗಿಸಿದರೆ ಸುಮಾರು 90 ಆಂಪಿಯರು. 55 ವ್ಯಾಟಿನ ಎರಡು ಮುಂದೀಪಗಳಿಗೆ ಬೇಕಾಗುವುದು ಎಂಟೇ ಆಂಪಿಯರು! ಸಂಗೀತವು ಸದಾ ತಾರಸ್ಥಾಯಿಯಲ್ಲಿರುವುದಿಲ್ಲವಾದ್ದರಿಂದ ಸರಾಸರಿ ಬೇಡಿಕೆ ಇದಕ್ಕಿಂತ ಬಹಳ ಕಡಿಮೆ, ನಿಜ. ಆದರೂ ಸಣ್ಣ ಕಾರುಗಳ ಆಲ್ಟರ್ನೇಟರಿಗೆ ಇದು ಭಾರವೇ. ವಾಹನಗಳ ದಟ್ಟಣೆಯಲ್ಲಿ ಎಂಜಿನು ನಿಧಾನವಾಗಿ ತಿರುಗುವಾಗ ಅದರ ಉತ್ಪತ್ತಿ ಇನ್ನೂ ಕುಗ್ಗುತ್ತದೆ.

ಮುಂದಿನ ಪ್ರಶ್ನೆ ತಂತಿಯದು. ಬಾನೆಟ್ಟಿನ ಕೆಳಗಿನ ಬ್ಯಾಟರಿಯಿಂದ ಹಿಂದಿನ ಡಿಕ್ಕಿಗೆ ಐದು ಮೀಟರು ದೂರವೆನ್ನೋಣ. 4 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 90 ಆಂಪಿಯರು ಹರಿದರೆ ದಾರಿಯಲ್ಲೇ ಸುಮಾರು 2 ವೋಲ್ಟು ನಷ್ಟವಾಗಿ, ತಂತಿ ಕಾದು ಅದರ ಹೊದಿಕೆ ಕರಗೀತು. 35 ಚದರ ಮಿಲಿಮೀಟರಿನದಾದರೆ ನಷ್ಟ ಕಾಲು ವೋಲ್ಟಿಗೂ ಕಡಿಮೆ. ತಾಮ್ರದ ಲೇಪವುಳ್ಳ ಅಲ್ಯುಮಿನಿಯಮ್ ತಂತಿಯೂ ಅಂಗಡಿಗಳಲ್ಲಿ ಉಂಟು. ನೋಟಕ್ಕೆ ದಪ್ಪ, ವಹನದಲ್ಲಿ ಬಡತನ.

ಫ್ಯೂಸನ್ನು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಕೂಡಿಸತಕ್ಕದ್ದು. ಹಲವರು ಅದನ್ನು ಆಂಪ್ಲಿಫಯರಿನ ಬಳಿ ಮಾತ್ರ ಇಟ್ಟು ತೃಪ್ತರಾಗುತ್ತಾರೆ. ಆದರೆ ನಡುದಾರಿಯಲ್ಲಿ ತಂತಿಯ ಹೊದಿಕೆ ತಗಡಿಗೆ ಉಜ್ಜಿ ಹರಿದರೆ ಬ್ಯಾಟರಿಯು ನೂರಾರು ಆಂಪಿಯರುಗಳನ್ನು ಅಲ್ಲಿಗೆ ಸುರಿಯುತ್ತದೆ. ಹಿಂದಿರುವ ಫ್ಯೂಸಿಗೆ ಅದರ ಸುಳಿವೂ ಇರದು. ಕಾರು ಹೊತ್ತಿಕೊಳ್ಳುವ ಅಪಾಯ ಇಲ್ಲಿಯೇ. ಆದ್ದರಿಂದ ತಂತಿ ತಗಡನ್ನು ದಾಟುವಲ್ಲಿ ರಬ್ಬರಿನ ಬಳೆಯನ್ನೂ ತೊಡಿಸಬೇಕು. ಕೆಲಸಕ್ಕೆ ಕೈಹಚ್ಚುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡುವುದನ್ನು ಮರೆಯಬಾರದು.

ಹೋದ ವಿದ್ಯುತ್ತು ಹಿಂದಿರುಗುವ ದಾರಿಯೂ ಅಷ್ಟೇ ಅಗಲವಾಗಿರಬೇಕಷ್ಟೆ. ಬಣ್ಣವನ್ನು ಕೆರೆದು, ಹೊಳೆಯುವ ಲೋಹಕ್ಕೆ ಮರಳು ತಂತಿಯನ್ನು ಬಿಗಿಯಬೇಕು. ಆಲ್ಟರ್ನೇಟರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಕಾರಿನ ಮೈಗೆ, ಎಂಜಿನಿನಿಂದ ಮೈಗೆ ಇರುವ ಮೂಲ ತಂತಿಗಳಿಗೂ ದಪ್ಪ ತಂತಿಗಳ ಜೊತೆ ಕೊಡುವುದು ಲೇಸು.

ಒಂದು ಫ್ಯಾರಡಿನ ಕೆಪ್ಯಾಸಿಟರು ಎಲ್ಲವನ್ನೂ ಸರಿಪಡಿಸುವುದೆಂಬ ಮಾತನ್ನು ನಾವು ಒಪ್ಪಲಾರೆವು. 14 ವೋಲ್ಟಿನಿಂದ 12ಕ್ಕಿಳಿಯುವಾಗ ಅದು ಕೊಡುವುದು 26 ಜೂಲು ಮಾತ್ರ. ನಮ್ಮ ಆಂಪ್ಲಿಫಯರಿಗೆ ಅದು ಒಂದು ಸೆಕೆಂಡಿನ ಐವತ್ತನೆಯ ಒಂದು ಪಾಲಿನ ಆಹಾರ.

ಕೊನೆಗೆ ಎಂಜಿನು, ದೀಪ, ಫ್ಯಾನು, ಸಂಗೀತ ಎಲ್ಲವೂ ನಡೆಯುತ್ತಿರುವಾಗ ವೋಲ್ಟುಮಾಪಕವನ್ನು ಬ್ಯಾಟರಿಗೊಮ್ಮೆ, ಆಂಪ್ಲಿಫಯರಿಗೊಮ್ಮೆ ಹಿಡಿಯಬೇಕು. ಮುಂದೆ 14 ಇದ್ದು ಹಿಂದೆ 12 ಇದ್ದರೆ ದೋಷ ತಂತಿಯಲ್ಲಿ ಅಥವಾ ಬಿಗಿತದಲ್ಲಿ. ಎರಡೂ ಕಡೆ ಇಳಿದಿದ್ದರೆ ಹೆಚ್ಚಿನ ಶಕ್ತಿಯ ಆಲ್ಟರ್ನೇಟರನ್ನು ಹಾಕಿಸಬೇಕು, ಇಲ್ಲವೆ ಧ್ವನಿಯನ್ನು ತಗ್ಗಿಸಬೇಕು.