ಡಿಸ್ಕ್ ತುಂಬಿ ನಿಂತ ಡೇಟಾಬೇಸ್: ಅದರ ಪುನರುದ್ಧಾರ ಮತ್ತು ಆವೃತ್ತಿ ಬದಲಾವಣೆ

ಶಾಸನಗಳ ಸೂಚಿ, ಸ್ಥಳನಾಮಗಳ ಪಟ್ಟಿ, ಕೈಫಿಯತ್ತುಗಳ ವಿವರ ಮುಂತಾದವು ಚೀಟಿಪೆಟ್ಟಿಗೆಗಳನ್ನು ಬಿಟ್ಟು ಡೇಟಾಬೇಸುಗಳನ್ನು ಸೇರುತ್ತಿರುವ ಕಾಲವಿದು. ಚೀಟಿಪೆಟ್ಟಿಗೆ ತುಂಬಿದರೆ ಮತ್ತೊಂದನ್ನು ತರಿಸಿದರೆ ಸಾಕಾಗುತ್ತಿತ್ತು. ಡೇಟಾಬೇಸಿನ ಡಿಸ್ಕ್ ತುಂಬಿದರೆ ಸರ್ವರ್ ಥಟ್ಟನೆ ನಿಂತುಬಿಡುತ್ತದೆ. ಆ ಗಳಿಗೆಯಲ್ಲಿ ಆತುರಪಟ್ಟು ಕೈಗೆ ಸಿಕ್ಕಿದ್ದನ್ನು ಅಳಿಸಿದವರು ಹಲವು ವರ್ಷಗಳ ಶ್ರಮವನ್ನು ಕಳೆದುಕೊಳ್ಳಬಹುದು. ಕ್ರಮವರಿತು ನಡೆದವರು ಸಾಮಾನ್ಯವಾಗಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಈ ಕ್ರಮವಾವುದು, ಅದರ ಹಿಂದಿರುವ ಕಾರಣವೇನು ಎಂಬುದನ್ನು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸನ್ನು ನಿದರ್ಶನವಾಗಿಟ್ಟುಕೊಂಡು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಇದರ ಮೂಲವು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಆರಂಭವಾದ ಯೋಜನೆಯಲ್ಲಿದೆ. ಈಗಿನ ಹೆಸರು 1996ರಲ್ಲಿ ಬಂದಿತು. ಅದರ ಕಾರ್ಯಕ್ರಮವನ್ನು ತಿಳಿಯಲು ನಮ್ಮ ಅಂಗಡಿಗಳ ಲೆಕ್ಕದ ಪದ್ಧತಿಯನ್ನು ನೆನೆದರೆ ಸಾಕು. ವರ್ತಕನು ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಅನಂತರ ಬಿಡುವಾದಾಗ ಖಾತೆಗೆ ಏರಿಸುತ್ತಾನೆ. ಅಂತೆಯೇ ಈ ಸರ್ವರ್ ಕೂಡ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ತನ್ನ ಕಿರ್ದಿಯಲ್ಲಿ ದಾಖಲಿಸಿ, ತರುವಾಯ ಮೂಲಕಡತಗಳಿಗೆ ವರ್ಗಾಯಿಸುತ್ತದೆ. ನಡುವೆ ವಿದ್ಯುತ್ತು ಹೋದರೂ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಪಡಿಸಿಕೊಳ್ಳುತ್ತದೆ. ಈ ವ್ಯವಸ್ಥೆ 2001ರ 7.1ನೆಯ ಆವೃತ್ತಿಯಿಂದ ಬಳಕೆಯಲ್ಲಿದೆ. ಕಿರ್ದಿಯ ಒಂದೊಂದು ಕಡತವೂ ಸಾಮಾನ್ಯವಾಗಿ 16 ಮೆಗಾಬೈಟ್ ಗಾತ್ರದ್ದು.

ಖಾತೆಗೆ ಏರಿದ ಮೇಲೆ ಕಿರ್ದಿಯ ಹಳೆಯ ಕಡತಗಳು ತಾವಾಗಿಯೇ ತೆರವಾಗತಕ್ಕವು. ಅದು ನಡೆಯದಿರುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳುಂಟು. ಕಿರ್ದಿಯನ್ನು ಬೇರೆಡೆ ನಕಲು ಮಾಡಿಡುವ ಏರ್ಪಾಟು ಕೆಟ್ಟಿದ್ದರೆ, ನಕಲಾಗುವವರೆಗೂ ಸರ್ವರ್ ಹಳೆಯದನ್ನು ಬಿಡುವುದಿಲ್ಲ. ಹಿಂದೆ ಜೋಡಿಸಿದ್ದ ಪ್ರತಿಸರ್ವರನ್ನು ತೆಗೆದುಹಾಕಿ, ಅದಕ್ಕಾಗಿ ಕಾದಿರಿಸಿದ ಸ್ಥಾನವನ್ನು ರದ್ದುಮಾಡದೆ ಬಿಟ್ಟಿದ್ದರೂ ಹೀಗೆಯೇ. ಎಂದಿಗೂ ಬಾರದವನಿಗಾಗಿ ಕಾಯುತ್ತ ಕಿರ್ದಿ ಬೆಳೆಯುತ್ತಲೇ ಹೋಗುತ್ತದೆ. ಇದಕ್ಕೆ ಮಿತಿಯನ್ನು ಗೊತ್ತುಮಾಡುವ ಸೌಲಭ್ಯವು 2020ರ 13ನೆಯ ಆವೃತ್ತಿಯಲ್ಲಿ ಬಂದಿತು. ಕಿರ್ದಿ ಬರೆಯಲು ಸ್ಥಳವಿಲ್ಲವಾದಾಗ ಸರ್ವರ್ ನಿಲ್ಲುವುದು ನಾಶದ ಲಕ್ಷಣವಲ್ಲ, ಎಚ್ಚರಿಕೆಯ ಲಕ್ಷಣ. ದಾಖಲಿಸಲಾಗದ ವ್ಯವಹಾರವನ್ನು ಒಪ್ಪಿಕೊಳ್ಳಲು ಅದು ನಿರಾಕರಿಸುತ್ತದೆ, ಅಷ್ಟೆ.

ಇಲ್ಲಿ ಇತಿಹಾಸದ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿಯೊಂದಿದೆ. ಈ ಕಿರ್ದಿಯ ಕೋಶಕ್ಕೆ ಮೊದಲು ‘ಪಿಜಿ-ಎಕ್ಸ್‌ಲಾಗ್’ ಎಂಬ ಹೆಸರಿತ್ತು. ‘ಲಾಗ್’ ಎಂಬ ಮಾತನ್ನು ಕಂಡು, ಇವು ಬರಿಯ ವರದಿಯ ಕಡತಗಳು, ಅಳಿಸಿದರೆ ಹಾನಿಯಿಲ್ಲವೆಂದು ಭಾವಿಸಿ ಅಳಿಸಿದವರುಂಟು; ಅವರ ಡೇಟಾಬೇಸುಗಳು ಕೆಟ್ಟುಹೋದವು. ಇದನ್ನು ತಪ್ಪಿಸಲೆಂದೇ 2017ರ 10ನೆಯ ಆವೃತ್ತಿಯಲ್ಲಿ ಹೆಸರನ್ನು ‘ಪಿಜಿ-ವಾಲ್’ ಎಂದು ಬದಲಾಯಿಸಲಾಯಿತು. ಪದದ ಅರ್ಥವನ್ನು ಸಂದರ್ಭವರಿಯದೆ ನಿರ್ಣಯಿಸಿದರೆ ಶಾಸನದ ಪಾಠ ಕೆಡುವಂತೆ, ಇಲ್ಲಿ ದಾಖಲೆಯೇ ಕೆಡುತ್ತದೆ.

ಇನ್ನು ಪುನರುದ್ಧಾರದ ಕ್ರಮ. ಮೊದಲನೆಯದಾಗಿ, ಸರ್ವರ್ ನಿಂತಿರುವಾಗಲೇ ದತ್ತಕೋಶವನ್ನು ಇಡಿಯಾಗಿ ಬೇರೊಂದು ಡಿಸ್ಕಿಗೆ ನಕಲು ಮಾಡಿಡಬೇಕು. ಎರಡನೆಯದಾಗಿ, ದತ್ತಕೋಶವನ್ನು ಮುಟ್ಟದೆ ಸ್ಥಳವನ್ನು ಒದಗಿಸಬೇಕು: ಅದೇ ಡಿಸ್ಕಿನಲ್ಲಿರುವ, ಡೇಟಾಬೇಸಿಗೆ ಸಂಬಂಧಿಸದ ಅನಗತ್ಯ ಕಡತಗಳನ್ನು ತೆಗೆಯಬಹುದು, ಡಿಸ್ಕನ್ನು ಹಿಗ್ಗಿಸಬಹುದು, ಅಥವಾ ಕಿರ್ದಿಯ ಕೋಶವನ್ನು ವಿಶಾಲವಾದ ಮತ್ತೊಂದು ಡಿಸ್ಕಿಗೆ ಸಾಗಿಸಿ, ಹಳೆಯ ಸ್ಥಳದಿಂದ ಅಲ್ಲಿಗೆ ಕೊಂಡಿಯನ್ನು ಕಲ್ಪಿಸಬಹುದು. ಮೂರನೆಯದಾಗಿ, ಸರ್ವರನ್ನು ಆರಂಭಿಸಬೇಕು. ಅದು ಕಿರ್ದಿಯನ್ನು ಓದಿಕೊಂಡು ತನ್ನನ್ನು ತಾನೇ ಸರಿಪಡಿಸಿಕೊಳ್ಳುವವರೆಗೆ ನಡುವೆ ತಡೆಯಬಾರದು. ನಾಲ್ಕನೆಯದಾಗಿ, ಮೂಲಕಾರಣವನ್ನು ನಿವಾರಿಸಬೇಕು. ನಕಲಿನ ಏರ್ಪಾಟನ್ನು ಸರಿಪಡಿಸಿದರೆ, ಅಥವಾ ಅನಾಥವಾದ ಸ್ಥಾನವನ್ನು ರದ್ದುಮಾಡಿದರೆ, ಹಳೆಯ ಕಡತಗಳನ್ನು ಸರ್ವರ್ ತಾನೇ ತೆರವು ಮಾಡುತ್ತದೆ. ಕಿರ್ದಿಯನ್ನೇ ಹೊಸದಾಗಿ ಸ್ಥಾಪಿಸುವ ಉಪಕರಣವೊಂದಿದೆಯಾದರೂ ಅದು ಅನ್ಯಮಾರ್ಗವಿಲ್ಲದಾಗ ಮಾತ್ರ ಬಳಸತಕ್ಕದ್ದು.

ಕೋಷ್ಟಕಗಳೇ ಬೆಳೆದು ಡಿಸ್ಕ್ ತುಂಬಿದ್ದರೆ ಮತ್ತೊಂದು ಎಚ್ಚರ ಬೇಕು. ಸಾಲುಗಳನ್ನು ಅಳಿಸಿದ ಮಾತ್ರಕ್ಕೆ ಡಿಸ್ಕಿಗೆ ಸ್ಥಳ ಹಿಂದಿರುಗುವುದಿಲ್ಲ. ‘ವ್ಯಾಕ್ಯೂಮ್’ ಎಂಬ ಕ್ರಿಯೆಯು ಆ ಸ್ಥಳವನ್ನು ಮುಖ್ಯವಾಗಿ ಅದೇ ಕೋಷ್ಟಕದ ಮರುಬಳಕೆಗೆ ಒದಗಿಸುತ್ತದೆ. ‘ವ್ಯಾಕ್ಯೂಮ್ ಫುಲ್’ ಸ್ಥಳವನ್ನು ಹಿಂದಿರುಗಿಸುತ್ತದೆ. ಆದರೆ ಅದಕ್ಕಾಗಿ ಕೋಷ್ಟಕದ ಹೊಸ ಪ್ರತಿಯನ್ನೇ ಬರೆಯುವುದರಿಂದ ಮೊದಲು ಹೆಚ್ಚಿನ ಸ್ಥಳವನ್ನು ಬೇಡುತ್ತದೆ.

ಸರ್ವರ್ ಚೇತರಿಸಿಕೊಂಡ ತರುವಾಯವೇ ಆವೃತ್ತಿ ಬದಲಾವಣೆಯ ವಿಚಾರ. ಎರಡನ್ನೂ ಒಟ್ಟಿಗೆ ಕೈಗೊಂಡರೆ, ದೋಷ ತಲೆದೋರಿದಾಗ ಅದರ ಮೂಲವನ್ನು ಗುರುತಿಸುವುದು ದುಸ್ತರ. ಪ್ರತಿಯೊಂದು ಪ್ರಧಾನ ಆವೃತ್ತಿಗೂ ಐದು ವರ್ಷಗಳ ಬೆಂಬಲವುಂಟು. ಅದರೊಳಗಿನ ಸಣ್ಣ ತಿದ್ದುಪಡಿಗಳಿಗೆ ತಂತ್ರಾಂಶವನ್ನು ಬದಲಿಸಿ ಸರ್ವರನ್ನು ಮತ್ತೆ ಆರಂಭಿಸಿದರೆ ಸಾಮಾನ್ಯವಾಗಿ ಸಾಕು. ಪ್ರಧಾನ ಆವೃತ್ತಿ ಬದಲಾದಾಗ, ಎಲ್ಲವನ್ನೂ ಹೊರತೆಗೆದು ಹೊಸದರಲ್ಲಿ ತುಂಬಬೇಕು, ಇಲ್ಲವೆ ‘ಪಿಜಿ-ಅಪ್‌ಗ್ರೇಡ್’ ಉಪಕರಣವನ್ನು ಬಳಸಬೇಕು. ಈ ಉಪಕರಣವು ಕಡತಗಳನ್ನು ನಕಲು ಮಾಡುವ ಕ್ರಮದಲ್ಲಿ ಸುಮಾರು ಇಮ್ಮಡಿ ಸ್ಥಳವನ್ನು ಬೇಡುತ್ತದೆ. ಕೊಂಡಿ ಕಲ್ಪಿಸುವ ಕ್ರಮದಲ್ಲಿ ಸ್ಥಳವೂ ಕಾಲವೂ ಉಳಿಯುತ್ತವೆ. ಆದರೆ ಹೊಸ ಸರ್ವರ್ ಒಮ್ಮೆ ಆರಂಭವಾದ ಮೇಲೆ ಹಳೆಯದಕ್ಕೆ ಹಿಂದಿರುಗುವಂತಿಲ್ಲ. ಕಾರ್ಯಾಚರಣ ವ್ಯವಸ್ಥೆಯನ್ನೂ ಬದಲಿಸುವವರು ಅಕ್ಷರಾನುಕ್ರಮದ ನಿಯಮಗಳನ್ನು ಪರೀಕ್ಷಿಸಬೇಕು. 2018ರಲ್ಲಿ ಲಿನಕ್ಸಿನ ಗ್ಲಿಬ್‌ಸಿ ಗ್ರಂಥಾಲಯದ 2.28ನೆಯ ಆವೃತ್ತಿಯು ಈ ನಿಯಮಗಳನ್ನು ಬದಲಿಸಿದ್ದರಿಂದ ಹಳೆಯ ಸೂಚಿಗಳನ್ನು ಮತ್ತೆ ಕಟ್ಟಬೇಕಾಯಿತು. ಹಾಗೆ ಮಾಡದಿದ್ದಲ್ಲಿ, ಇರುವ ಹೆಸರೂ ಹುಡುಕಿದಾಗ ಸಿಗದೆ ಹೋಗಬಹುದು.

ಇದೆಲ್ಲದರ ಸಾರಾಂಶವಿಷ್ಟು. ಬೇರೊಂದು ಸ್ಥಳದಲ್ಲಿ ಪ್ರತಿಯನ್ನಿಟ್ಟು, ಅದರಿಂದ ಡೇಟಾಬೇಸನ್ನು ಮರಳಿ ಕಟ್ಟಬಹುದೆಂಬುದನ್ನು ಆಗಾಗ್ಗೆ ಪರೀಕ್ಷಿಸಿ ನೋಡಬೇಕು. ಡಿಸ್ಕ್ ತುಂಬುವುದಕ್ಕೆ ಸಾಕಷ್ಟು ಮೊದಲೇ ಸೂಚನೆ ದೊರೆಯುವಂತೆ ಏರ್ಪಡಿಸಬೇಕು. ಶಿಲೆಯ ಮೇಲಿನ ಅಕ್ಷರವು ಸವೆದರೂ ಕುರುಹನ್ನು ಉಳಿಸುತ್ತದೆ. ಡಿಸ್ಕಿನಿಂದ ಅಳಿಸಿದ ದಾಖಲೆಗೆ ಪ್ರತಿಯೊಂದೇ ಆಧಾರ.